ಮಹಡಿ ಮೇಲೊಂದು ಕೇರಿ, ಕೆಳಗೊಂದು ಕೇರಿ

ಕಳೆದ ಭಾನುವಾರ ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಗೇಟಿಗೆ ಹೋದರೆ, ಮಹಡಿ ಮನೆಯ ಜೂಲಿಯಾ ಟ್ರಾಲಿ ಬ್ಯಾಗ್ ಎಳೆದುಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಬಸುರಿ. ಹಿಂದೆಯೇ ಗಂಡ ಲೂಕಾ. ತಡೆಯುವುದು ಬಿಟ್ಟು ಫೋನಿನಲ್ಲಿ ಆಟೋ ಬುಕ್ ಮಾಡುತ್ತಿದ್ದ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಬಾಡಿಗೆದಾರರ ಸಂಸಾರದಲ್ಲಿ ಓನರ್ ತಲೆ ಹಾಕಬಾರದು. ಇದನ್ನು ಇದೇ ಅಂಕಣದಲ್ಲಿ ನಾನೇ ಎಷ್ಟೋ ಸಲ ಬರೆದಿದ್ದೇನೆ. (ಬರೆಯುವುದು ಸುಲಭ.) ಅಂದು ಮಾತ್ರ ಗೇಟಿಗೆ ಅಡ್ಡ ನಿಂತೆ.

ಇಬ್ಬರೂ ಇಟಲಿಯವರು. ಅವನು ಇಲ್ಲಿನ ಒಂದು ಫ್ಯಾಕ್ಟರಿಗೆ ಮೆಷಿನ್ ಕೂರಿಸಲು ಬಂದವನು. ಅವಳು ಮನೆಯಿಂದಲೇ ಆನ್‌ಲೈನ್ ಪಾಠ ಹೇಳುತ್ತಾಳೆ. ಕತ್ರಿಗುಪ್ಪೆಯ ನಮ್ಮ ಮನೆಗೆ ಬಂದಾಗಿನಿಂದ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಸಿ ಮಾತಾಡುತ್ತೇವೆ, ವ್ಯವಹಾರ ನಡೆದಿದೆ. ಅವರ ಮನೆಯಲ್ಲಿ ಜಗಳ ಕೇಳಿದ್ದೇ ಇಲ್ಲ. ಜಗಳವೇ ಇಲ್ಲದ ಮನೆಯೆಂದರೆ ನನಗೆ ಮೊದಲಿಂದಲೂ ಸ್ವಲ್ಪ ಅನುಮಾನ.

ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ನೈಟಿ ಮಾರಿ, ಆಮೇಲೆ ಅಂಗಡಿ ಹಿಡಿದವಳು ನಾನು. ಎದ್ದು ಹೊರಟ ಗಿರಾಕಿಯನ್ನು ವಾಪಸ್ ಕೂರಿಸುವುದೇ ನಾನು ಕಲಿತ ವಿದ್ಯೆ. ಮೊದಲು ಅವಳ ಕೈಯಿಂದ ಬ್ಯಾಗ್ ತೆಗೆದುಕೊಂಡೆ. (ಚೌಕಾಸಿಗೆ ಇಳಿಯುವಾಗ ಸರಕು ನಿಮ್ಮ ಕೈಲಿರಬೇಕು.) ಆಮೇಲೆ ಅವನ ಕಡೆ ತಿರುಗಿದೆ.

"ಲೂಕಾ, ಬಸುರಿ ಹೆಂಡ್ತೀನ ಒಬ್ಬಳನ್ನೇ ಎಲ್ಲಿಗಪ್ಪ ಕಳಿಸ್ತಿದೀಯ? ಏನೇ ಆಗಿರ್ಲಿ, ಒಂದ್ ಸಲ 'ಸಾರಿ' ಅಂದ್ಬಿಡು."

ಇಬ್ಬರೂ ನಕ್ಕರು. "ನೋ ಫೈಟ್, ಆಂಟಿ. ಹಬ್ಬ" ಎಂದಳು ಜೂಲಿಯಾ.

ಹಬ್ಬಕ್ಕೆ ಮನೆಗೆ ಬರುವುದು ಗೊತ್ತು. ಮನೆ ಬಿಟ್ಟು ಹೋಗುವ ಹಬ್ಬ ಯಾವುದು?

ಒಳಗೆ ಕೂರಿಸಿ ಕಾಫಿ ಕೊಟ್ಟು ಕೇಳಿದೆ. ಗುಡ್ಡದ ಮೇಲಿನ ಪುಟ್ಟ ಊರು ಅವರದು. ಊರ ತುಂಬ ಕೇರಿಗಳು. ಒಂದೊಂದು ಕೇರಿಗೂ ಅದರದೇ ಬಣ್ಣ, ಬಾವುಟ, ನಗಾರಿ. ವರ್ಷಕ್ಕೊಮ್ಮೆ ಎಲ್ಲರೂ ರಾಜರ ಕಾಲದ ವೇಷ ಹಾಕಿ, ವೆಲ್ವೆಟ್ ಅಂಗಿ, ಗರಿ ಸಿಕ್ಕಿಸಿದ ಟೋಪಿ ತೊಟ್ಟು ಮೆರವಣಿಗೆ ಹೊರಡುತ್ತಾರೆ. ಬಾವುಟಗಳನ್ನು ಮೇಲಕ್ಕೆಸೆದು ಹಿಡಿಯುತ್ತಾರೆ. ಕೊನೆಗೆ ಪಂದ್ಯ. ಕೇರಿಗೆ ಇಬ್ಬರಂತೆ ಗಟ್ಟಿಗರು, ಖಾಲಿ ವೈನ್ ಪೀಪಾಯಿಯನ್ನು ಕಡಿದಾದ ಏರಿನಲ್ಲಿ ಉರುಳಿಸಿಕೊಂಡು ಓಡಬೇಕು. ಮೊದಲು ಚರ್ಚ್ ಮುಟ್ಟಿದವರು ಗೆದ್ದಂತೆ.

ಗೆದ್ದರೆ ಏನು ಸಿಗುತ್ತದೆ ಎಂದೆ. ಚಿತ್ರ ಬರೆದ ಒಂದು ಬಟ್ಟೆಯಂತೆ. ಎಷ್ಟು ಮೀಟರ್ ಎಂದು ಕೇಳಲಿಲ್ಲ. ಕೇಳಬೇಕೆನಿಸಿತು.

ಲೂಕಾನದು ಒಂದು ಕೇರಿ. ಜೂಲಿಯಾಳದು ಅದರ ಕಟ್ಟಾ ಎದುರಾಳಿ. ಹಬ್ಬದ ಹೊತ್ತಿನಲ್ಲಿ ಇಂಥ ಜೋಡಿಗಳು ಒಂದೇ ಸೂರಿನಡಿ ಇರುವುದಿಲ್ಲವಂತೆ. ಹೆಂಡತಿ ತವರಿಗೆ ಹೋಗಿ, ಪಂದ್ಯ ಮುಗಿದ ಮೇಲೆ ವಾಪಸ್. ಇಲ್ಲಿ ತವರೆಲ್ಲಿಂದ ಬರಬೇಕು? ಅದಕ್ಕೆ ಕುಮಾರಸ್ವಾಮಿ ಲೇಔಟಿನ ಲಾಡ್ಜೊಂದರಲ್ಲಿ ರೂಮು.

ನಮ್ಮಲ್ಲಿ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅಲ್ಲಿ ಕೊಟ್ಟ ಹೆಣ್ಣು ಸಾಯುವ ತನಕ ಹುಟ್ಟಿದ ಕೇರಿಯವಳೇ. ನಾನು ಹುಟ್ಟಿದ್ದು ಹೊಸಕೆರೆಹಳ್ಳಿಯಲ್ಲಿ. ಇಲ್ಲಿಂದ ನಡೆದೇ ಹೋಗಬಹುದು. ಆದರೂ ಮದುವೆಯಾದ ಮಾರನೆಯ ದಿನದಿಂದ, ಎಲ್ಲಿಯವರು ಎಂದವರಿಗೆ ಕತ್ರಿಗುಪ್ಪೆ ಎನ್ನುತ್ತಿದ್ದೇನೆ. ಹಾಗನ್ನು ಎಂದು ಯಾರು ಹೇಳಿಕೊಟ್ಟರು? ಯಾರೂ ಇಲ್ಲ.

ಲಾಡ್ಜ್ ಬೇಡ, ಕೆಳಗೆ ನಮ್ಮ ರೂಮೇ ಖಾಲಿ ಇದೆ, ಇವತ್ತಿಗೆ ಇದೇ ತವರು ಎಂದು ಬ್ಯಾಗ್ ಒಳಗಿಟ್ಟೆ. (ಲಾಡ್ಜಿನವರಿಗೆ ಫೋನ್ ಮಾಡಿ ಅಡ್ವಾನ್ಸನ್ನೂ ವಾಪಸ್ ಹಾಕಿಸಿದೆ. ಕೇಳಿದರೆ ಕೊಡುತ್ತಾರೆ. ನಾವು ಕೇಳುವುದಿಲ್ಲ.)

ಕಾಫಿ ಮುಗಿಯುವ ಹೊತ್ತಿಗೆ ಅಸಲಿ ವಿಷಯ ಹೊರಬಿತ್ತು. ಹುಟ್ಟುವ ಮಗು ಯಾರ ಕೇರಿಗೆ ಸೇರಬೇಕು? ಮಗುವಿನ ಕೊರಳಿಗೆ ಕೇರಿಯ ಬಣ್ಣದ ಸ್ಕಾರ್ಫ್ ಕಟ್ಟುತ್ತಾರೆ. ಒಮ್ಮೆ ಕಟ್ಟಿದರೆ ಜೀವನಪೂರ್ತಿ ಅದೇ. ವಾದ ಮಾಡಿ ಮಾಡಿ ಸುಸ್ತಾಗಿ, ಇಬ್ಬರೂ ಒಂದು ಮಾತಿಗೆ ಬಂದಿದ್ದರು. ಇವತ್ತಿನ ಪಂದ್ಯದಲ್ಲಿ ಯಾರ ಪೀಪಾಯಿ ಮುಂದೋ, ಮಗು ಅವರ ಕೇರಿಗೆ.

ಮಗುವನ್ನು ಯಾರಾದರೂ ಪೀಪಾಯಿಯ ಮೇಲೆ ಒತ್ತೆಯಿಡುತ್ತಾರೆಯೇ? ಲೂಕಾ ಮೇಲೆ ಹೋದ ಮೇಲೆ ಅವಳಿಗೆ ಹೇಳಿದೆ. "ಹೊತ್ತಿರೋಳು ನೀನು. ಒಪ್ಪಲ್ಲ ಅಂದ್ಬಿಡು." ಅವಳು ಒಪ್ಪಲಿಲ್ಲ. ಕೊಟ್ಟ ಮಾತು ಮಾತೇ ಅಂತೆ.

ಅವರೂರಿನ ಸಂಜೆ, ನಮ್ಮ ಊಟದ ಹೊತ್ತು. ಮಹಡಿಯಲ್ಲಿ ಲೂಕಾ ಮತ್ತು ನಮ್ಮ ಯಜಮಾನರು. (ಬಿಯರ್ ಅಲ್ಲಿತ್ತು.) ಕೆಳಗೆ ನಾನು, ಜೂಲಿಯಾ, ಅವಳ ಫೋನಿನಲ್ಲಿ ಪಂದ್ಯದ ಲೈವ್, ಅವಳ ಕೊರಳಲ್ಲಿ ತನ್ನ ಕೇರಿಯ ಹಸಿರು ಸ್ಕಾರ್ಫ್. ನಮ್ಮ ಇಂಟರ್ನೆಟ್ ಫಾಸ್ಟು, ಮಹಡಿಯದು ಸ್ಲೋ. ನಾವು ಕೂಗಿ ಮುಗಿಸಿದ ಮೇಲೆ ಮೇಲಿನವರ ಕೂಗು ಶುರು.

ಯಜಮಾನರು ಮೆಟ್ಟಿಲಿಂದ ಬಗ್ಗಿದರು. "ಲೇ, ಸ್ವಲ್ಪ ಮೆತ್ತಗೆ ಕಿರುಚ್ರೇ. ನಮಗೆ ಮೊದ್ಲೇ ಗೊತ್ತಾಗ್ಬಿಡುತ್ತೆ."

ಹಸಿರು ಪೀಪಾಯಿ ಮುಂದಿತ್ತು. ನಾನೂ ನಿಂತುಬಿಟ್ಟೆ. ಕೊನೆಯ ತಿರುವಿನಲ್ಲಿ ಅದು ಜಾರಿ ಗೋಡೆಗೆ ಬಡಿಯಿತು. ಪಕ್ಕದಿಂದ ಲೂಕಾನ ಕೇರಿಯ ಕೆಂಪು ನುಗ್ಗಿ ಹೋಯಿತು.

ಜೂಲಿಯಾ ಕೊರಳಿನ ಸ್ಕಾರ್ಫ್ ಬಿಚ್ಚಿ ಮಡಿಚತೊಡಗಿದಳು. ಅಷ್ಟು ಹೊತ್ತಿಗೆ ಮಹಡಿಯಲ್ಲಿ ಕೇಕೆ ಎದ್ದಿತು.

ಲೂಕಾ ಕೆಂಪು ಸ್ಕಾರ್ಫ್ ಹಿಡಿದು ಇಳಿದು ಬಂದ. ಬಾಗಿಲಲ್ಲೇ ನಿಂತ. ಗೆದ್ದವನ ಮುಖ ಅದಾಗಿರಲಿಲ್ಲ. ಅವಳು ತಲೆ ಎತ್ತಲಿಲ್ಲ.

ವ್ಯಾಪಾರದಲ್ಲಿ ಒಂದು ಮಾತಿದೆ. ರೇಟು ಕುದುರಿದ ಮೇಲೂ ಒಂದು ಪ್ರಶ್ನೆ ಕೇಳಬೇಕು. ಕೇಳಿದೆ. ಈ ಪಂದ್ಯ, ಒಪ್ಪಂದ ಎಲ್ಲ ಬಿಡು, ಕೇರಿಗೆ ಸೇರಲು ಹಿರಿಯರು ಮಾಡಿದ ಮೂಲ ರೂಲು ಏನು? ಲೂಕಾ ಹೇಳಿದ: ಯಾವ ಕೇರಿಯ ಗಡಿಯೊಳಗೆ ಹುಟ್ಟುತ್ತದೋ ಮಗು ಆ ಕೇರಿಯದು. ಈಗ ಎಲ್ಲ ಮಕ್ಕಳೂ ಊರಾಚೆಯ ಆಸ್ಪತ್ರೆಯಲ್ಲಿ ಹುಟ್ಟುವುದರಿಂದ ಅಪ್ಪ ಅಮ್ಮ ತೀರ್ಮಾನಿಸುತ್ತಾರೆ, ಅಷ್ಟೆ.

"ಹಂಗಾದ್ರೆ ಮುಗೀತಲ್ಲ. ಹೆರಿಗೆ ಇಲ್ಲೇ ಪಕ್ಕದ ನರ್ಸಿಂಗ್ ಹೋಮಲ್ಲಿ. ಮಗು ನಿಂದೂ ಅಲ್ಲ, ಅವಳದೂ ಅಲ್ಲ. ನಮ್ ಕೇರೀದು."

ಜೂಲಿಯಾ ತಲೆ ಎತ್ತಿದಳು. ಲೂಕಾ ನಗಲಿಲ್ಲ. ಅವರ ಊರಿನಲ್ಲಿ ಇಂಥ ರೂಲುಗಳು ತಮಾಷೆಯಲ್ಲ. ಮೆಟ್ಟಿಲ ಮೇಲೆ ಕೂತು ಯೋಚಿಸಿದ. ಅವಳ ಜೊತೆ ತಮ್ಮ ಭಾಷೆಯಲ್ಲಿ ಏನೋ ಗುಸುಗುಸು. ಅವಳು ನಕ್ಕಳು. ಅವನು ಎದ್ದು ನನ್ನ ಕೈ ಕುಲುಕಿದ. ಅಂಗಡಿಯ ಇಷ್ಟು ವರ್ಷಗಳಲ್ಲಿ ಇಂಥ ವ್ಯಾಪಾರ ಕುದುರಿಸಿದ್ದಿಲ್ಲ.

ಆಮೇಲೆ ಕೇಳಿದ. "ಸ್ಕಾರ್ಫ್ ಹೊಲಿಸಬೇಕು. ನಿಮ್ಮ ಕೇರಿ ಕಲರ್ ಯಾವುದು, ಆಂಟಿ?"

ಯಜಮಾನರ ಮುಖ ನೋಡಿದೆ. ಅವರು ರಸ್ತೆ ನೋಡಿದರು. ಎದುರುಮನೆಯ ಕಾರಿನ ಬಣ್ಣ ಚೆನ್ನಾಗಿ ಗೊತ್ತು. (ನಮ್ಮ ಗೇಟಿಗೇ ಅಡ್ಡ ನಿಲ್ಲಿಸುತ್ತಾರೆ.) ಆದರೆ ಇಡೀ ಬೀದಿ ಒಟ್ಟಿಗೆ ನಿಂತು, ಇದು ನಮ್ಮದು ಎಂದು ಕೊರಳಿಗೆ ಕಟ್ಟಿಕೊಳ್ಳುವ ಬಣ್ಣ?

ಹೆರಿಗೆಗೆ ಇನ್ನೂ ಸಮಯವಿದೆ, ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ. ಯಾರನ್ನು ವಿಚಾರಿಸಲಿ, ಹೇಳಿ?