ಆಯುಧಪೂಜೆಗೆ ತೊಳೆದ ಸೀಸೆಗಳು

ಗಂಗಕ್ಕಾ, ನಿಮ್ಮ ಎರಡು ಸೀಸೆಗಳ ಚೀಟಿ ಅದಲುಬದಲು ಮಾಡಿದವನು ನಾನು. ಆರು ವರ್ಷವಾಯಿತು. ನಿಮ್ಮ ಪಿಎಚ್‌ಡಿ ಮುಳುಗಿಸಿದ್ದು ಮೀನುಗಳಲ್ಲ — ನಾನು.

ಆಯುಧಪೂಜೆಯ ದಿನ ನೀವು ಊರಿಗೆ ಹೋಗಿದ್ದಿರಿ. ಜಯನಗರದ ನಮ್ಮ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೂ ಕುಂಕುಮ, ಮೀನಿನ ತೊಟ್ಟಿಗೂ ಚೆಂಡುಹೂವು. ನಿಮ್ಮ ಜೂನಿಯರ್ ಆಗಿದ್ದ ನಾನು ಭಕ್ತಿ ಉಕ್ಕಿ ಹರಿದು ಫ್ರಿಜ್ ಖಾಲಿ ಮಾಡಿ, ಒಳಗಿದ್ದದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ನಿಮ್ಮ ಕೀಟನಾಶಕದ ಸೀಸೆಗಳ ಚೀಟಿಗಳು ಕಳಚಿ ಕೈಗೆ ಬಂದವು. ಎರಡು ಸೀಸೆ, ಎರಡು ಚೀಟಿ, ಒಬ್ಬ ಪೆದ್ದ.

ಎರಡರಲ್ಲೂ ಒಂದೇ ಕೀಟನಾಶಕ, ವಸ್ತು ಮತ್ತು ಕನ್ನಡಿಯೊಳಗಿನ ಅದರ ಬಿಂಬದಂತೆ ಎರಡು ರೂಪ. ಬಣ್ಣ ಒಂದೇ, ತೂಕ ಒಂದೇ. ಗೊತ್ತಾಗುವುದು ಮೀನಿಗೆ ಮಾತ್ರ — ಒಂದು ರೂಪ ಮರಿಗಳ ಬೆನ್ನು ಸೊಟ್ಟ ಮಾಡುತ್ತದೆ, ಗಂಡುಮೀನಿನ ಹಾರ್ಮೋನು ಕೆಡಿಸಿ ಅದರ ರಕ್ತದಲ್ಲಿ ಮೊಟ್ಟೆಯ ಪ್ರೋಟೀನು ತರಿಸುತ್ತದೆ; ಇನ್ನೊಂದು ಹೆಚ್ಚೇನೂ ಮಾಡುವುದಿಲ್ಲ. ನಾನು ಮಹಾಜ್ಞಾನಿ, ಅಂದಾಜಿನಲ್ಲಿ ಅಂಟಿಸಿ, ಮೇಲೆ ಕುಂಕುಮವನ್ನೂ ಇಟ್ಟೆ.

ಹಬ್ಬದ ನಂತರ ನಿಮ್ಮ ಫಲಿತಾಂಶ ತಲೆಕೆಳಗಾಯಿತು. ಗೈಡ್ ಸರ್ ಎಲ್ಲರೆದುರು ನೋಟ್‌ಬುಕ್ ಎಸೆದರು: "ಏನಮ್ಮಾ, ಹಬ್ಬಕ್ ಮುಂಚೆ ಒಂದು ರಿಸಲ್ಟು, ಆಮೇಲ್ ಇನ್ನೊಂದು! ಮೀನಿಗೂ ಅಮಾವಾಸ್ಯೆ ಹುಣ್ಣಿಮೆ ಇದ್ಯಾ?"

ಎಲ್ಲರೂ ನಕ್ಕರು. ಜೋರಾಗಿ ನಕ್ಕವನು ನಾನೇ.

ಸಂಜೆ ನೀವು ನನ್ನ ಹತ್ತಿರ ಬಂದು ಕೇಳಿದಿರಿ: "ತಮ್ಮಾ, ಖರೇ ಹೇಳು. ಸೀಸಿ ನೀ ಏನರೆ ಮುಟ್ಟಿದ್ಯೇನು?"

"ಅಯ್ಯೋ ಅಕ್ಕಾ, ನಾನ್ ಮುಟ್ಟಿದ್ರೆ ಇಷ್ಟೊತ್ತಿಗೆ ಲ್ಯಾಬೇ ಇರ್ತಿರ್ಲಿಲ್ಲ!"

ನೀವೂ ನಕ್ಕುಬಿಟ್ಟಿರಿ. ಹಾಳು ಜೋಕು — ಅದೊಂದು ಸಾಕಾಯಿತು ನನಗೆ ತಪ್ಪಿಸಿಕೊಳ್ಳಲು. ಆಗ ಬಾಯಿ ಬಿಟ್ಟಿದ್ದರೆ ಸೀಸೆಗಳನ್ನು ಹೊರಗೆ ಪರೀಕ್ಷೆಗೆ ಕಳಿಸಿ, ಯಾವುದು ಯಾವುದೆಂದು ತಿಳಿಯಬಹುದಿತ್ತು. ಬಾಯಿ ಬಿಡಲಿಲ್ಲ. ನೀವು ವರ್ಷವಿಡೀ ಅದೇ ಸೀಸೆಗಳಿಂದ ಅದೇ ಪ್ರಯೋಗ ಮಾಡಿದಿರಿ, ನಿಮ್ಮ ಕೈಯನ್ನೇ ಅನುಮಾನಿಸಿದಿರಿ. ಕಡೆಗೆ ಪಿಎಚ್‌ಡಿ ಬಿಟ್ಟು, ಬಿಟಿಎಂನ ಬಾಡಿಗೆ ಕೋಣೆ ಖಾಲಿ ಮಾಡಿ ಧಾರವಾಡಕ್ಕೆ ಹೊರಟಾಗ, ನಿಮ್ಮ ಟ್ರಂಕನ್ನು ಆಟೋಗೆ ಏರಿಸಿದವನೂ ನಾನೇ. "ಭಾಳ ಛಲೋ ಹುಡುಗ ನೀ" ಎಂದಿರಿ. ಆಗಲೂ ಹೇಳಲಿಲ್ಲ — ಆಗಲೂ!

ಹೆದರಿದ್ದೆ, ಚಿಕ್ಕವನಿದ್ದೆ ಎಂದೆಲ್ಲ ಬರೆದು ಹೊಡೆದುಹಾಕಿದ್ದೇನೆ. ನಿಮಗೂ ಆಗ ಇಪ್ಪತ್ತೇಳೇ ತಾನೆ.

ಇದರ ಇನ್ನೊಂದು ಪ್ರತಿಯನ್ನು ಇವತ್ತು ಸರ್ ಕೈಗೇ ಕೊಟ್ಟು ಬಂದೆ. ಅವರು ಓದಿ ಕನ್ನಡಕ ತೆಗೆದಿಟ್ಟರು. ಇನ್ನು ಅವತ್ತು ಸಂಜೆ ನೀವು ಕೇಳಿದ್ದಕ್ಕೆ ಉತ್ತರ —

ಹೌದು ಅಕ್ಕಾ. ಮುಟ್ಟಿದ್ದೆ.