ನಂಬರ್ ಅವರದು

ಟೀ ಕುಡಿಯುವಾಗಲೂ ಸ್ಟುಡಿಯೋದಣ್ಣನ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ವರ್ಷಗಟ್ಟಲೆ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಎಡಗಣ್ಣಿಗೆ ಅದೇ ರೂಢಿಯಾಗಿತ್ತು.

ಹೊಳಲ್ಕೆರೆಯಲ್ಲಿ ಮದುವೆ, ಕಬಡ್ಡಿಗಳನ್ನು ಇಂಟರ್ನೆಟ್ಟಿನಲ್ಲಿ ಲೈವ್ ಮಾಡುವ ಕೆಲಸ ನನಗೆ ಕಲಿಸಿದವರು ಅವರು. ಯಾವ ಊರಿಗೆ ಹೋದರೂ ಮೊದಲು ಕ್ಯಾಮೆರಾ ಇಳಿಸುತ್ತಿರಲಿಲ್ಲ. ಫೋನನ್ನು ಎತ್ತಿ ಹಿಡಿದು, ಮೈಮೇಲೆ ದೇವರು ಬಂದವರ ಹಾಗೆ ಮೈದಾನ ಸುತ್ತುತ್ತಿದ್ದರು. ‘ಸಿಗ್ನಲ್ ಎಲ್ಲಿ ಐತೋ ಅಲ್ಲೇ ಕುಂತ್ಕ. ನೆರಳು ಆಮೇಲೆ ನೋಡಾಣ’ ಎನ್ನುತ್ತಿದ್ದರು.

ಗಿರಾಕಿಗಳ ಜೊತೆ ಚೌಕಾಸಿ ನನ್ನದು. ಅವರು ಬಾಯಿ ಬಿಡುತ್ತಿರಲಿಲ್ಲ. ಕಬಡ್ಡಿ ಪಂದ್ಯಗಳನ್ನು ಹಿಡಿದು ತಂದು ನಮ್ಮ ಚಾನೆಲ್ಲಿಗೆ ಜನ ಸೇರಿಸಿದವನೂ ನಾನೇ. ಚಾನೆಲ್ ತೆರೆಯುವಾಗ ಅವರು ತಮ್ಮ ಫೋನ್ ನಂಬರ್ ಹಾಕಿದರು; ಪಾಸ್‌ವರ್ಡ್ ಬದಲಿಸುವ ಒಟಿಪಿ ಬರುವುದು ಆ ನಂಬರಿಗೇ. ಕೇಳಿದ್ದಕ್ಕೆ, ‘ಯಾರ ನಂಬರ್ ಆದ್ರೇನಪ್ಪ, ನಾವೇನು ಬೇರೆನಾ’ ಎಂದರು. ಒಂದು ಟ್ರೈಪಾಡಿಗೆ ಅರ್ಧ ದಿನ ಜಗ್ಗಾಡುವ ನಾನು ಆ ಮಾತಿಗೆ ತಲೆಯಾಡಿಸಿಬಿಟ್ಟೆ. ಈ ಕೆಲಸಕ್ಕೆ ಇಳಿಯುವವರಿಗೆ ಹೇಳುತ್ತೇನೆ: ಕಲಿಸಿದವರೇ ಆಗಲಿ, ಆ ಪ್ರಶ್ನೆಯನ್ನು ಎರಡನೇ ಸಲ ಕೇಳಿ.

ಹಿರಿಯೂರಿನ ದೊಡ್ಡ ಟೂರ್ನಮೆಂಟಿಗೆ ಅವರು ಜ್ವರವೆಂದು ಬಂದಿರಲಿಲ್ಲ. ಆಟಗಾರರು ಅಂಕಣಕ್ಕಿಳಿದರು. ನಾನು ಲೈವ್ ಒತ್ತಲು ಹೋದರೆ ಪಾಸ್‌ವರ್ಡ್ ತಪ್ಪೆಂದು ಬಂತು. ಪಕ್ಕದಲ್ಲಿ ಕೂತವನೊಬ್ಬ ಮೊಬೈಲ್ ತೋರಿಸಿದ. ‘ಲೇ, ನಿಮ್ ಚಾನೆಲ್ಲಲ್ಲಿ ಆಗ್ಲೇ ಬರ್ತೈತಲ್ಲ.’

ತಲೆಯೆತ್ತಿದೆ. ಎದುರಿನ ಅಟ್ಟಣೆಯ ಮೇಲೆ ಅವರ ಅಳಿಯ ಕ್ಯಾಮೆರಾ ಹಿಡಿದಿದ್ದ. ಪಕ್ಕದಲ್ಲಿ ಅವರು, ಎಡಗಣ್ಣು ಅರ್ಧ ಮುಚ್ಚಿಕೊಂಡು. ಚೌಕಾಸಿಗೆ ಬಾಯಿ ಬಿಡದ ಮನುಷ್ಯ, ಕೆಲಸ ನನಗೆ ಕೊಡಲು ಒಪ್ಪಿಕೊಂಡಿದ್ದ ಸಂಘಟಕರ ಜೊತೆ ಒಳಗೊಳಗೇ ಮಾತು ಮುಗಿಸಿದ್ದರು. ಹತ್ತಿರ ಹೋಗಿ ಕೇಳಿದೆ.

‘ನಂಬರ್ ನಂದಲ್ವೇನಪ್ಪ’ ಎಂದರು, ಟೀ ಬೇಕಾ ಎಂದು ಕೇಳುವಷ್ಟೇ ಮೆತ್ತಗೆ.

ಮತ್ತೆ ನಾವು ಮಾತಾಡಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಮಗಳು ಆಗಷ್ಟೇ ಹೆತ್ತು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಳು. ಅಳಿಯ ಅವಳನ್ನು ಬಿಟ್ಟು ಬರುವಂತಿರಲಿಲ್ಲ. ಅತ್ತಿಗೆ ನನಗೆ ಹೇಳಿಕಳಿಸಿ, ಅಣ್ಣನ ಫೋನನ್ನು ಕೈಗಿಟ್ಟರು. ‘ಅಪ್ಪನ್ನ ಮಗಳು ಕೊನೇ ಸಲ ನೋಡ್ಬೇಕಪ್ಪ. ಅವ್ರ ಚಾನೆಲ್ಲಲ್ಲೇ ಹಾಕು.’

ಒಟಿಪಿ ಅವರ ನಂಬರಿಗೇ ಬಂತು. ಚಾನೆಲ್ ತೆರೆದುಕೊಂಡಿತು. ನಾನು ತೆಗೆದ ಪಂದ್ಯಗಳೆಲ್ಲ ಅಲ್ಲೇ ಇದ್ದವು. ಒಂದೊಂದರ ಕೆಳಗೂ ನನ್ನ ಹೆಸರು ಅಳಿಸಿ ಅಳಿಯನ ಹೆಸರು ಬರೆದಿದ್ದರು. ಚಾನೆಲ್ ಕಿತ್ತುಕೊಂಡದ್ದಕ್ಕಿಂತ, ಕೂತು ಕೂತು ಒಂದೊಂದನ್ನೇ ತಿದ್ದಿದ್ದಾರಲ್ಲ, ಅದೇ ಹೆಚ್ಚು ನೋಯಿಸಿತು.

ಅವರ ನಂಬರ್ ತೆಗೆದು ನನ್ನದು ಹಾಕುವುದು ಆಗ ನನ್ನ ಕೈಯಲ್ಲೇ ಇತ್ತು. ಒಳಗೆ ಅತ್ತಿಗೆ ಅಳುತ್ತಿದ್ದರು. ಫೋನೆತ್ತಿ ಅಂಗಳ ಸುತ್ತಿದೆ. ಸಿಗ್ನಲ್ ಸಿಕ್ಕ ಕಡೆ, ಬಿಸಿಲಲ್ಲೇ, ಕ್ಯಾಮೆರಾ ನಿಲ್ಲಿಸಿ, ಆಮೇಲೆ ಅದನ್ನು ಹೊತ್ತು ಚಟ್ಟದ ಹಿಂದೆ ನಡೆದು, ಮಣ್ಣು ಮಾಡುವವರೆಗೂ ಎಲ್ಲೂ ಕಡಿಯದ ಹಾಗೆ ಮಗಳಿಗೆ ಮುಟ್ಟಿಸಿದೆ.

ನಂಬರ್ ಬದಲಿಸದೆ ಫೋನನ್ನು ಅತ್ತಿಗೆಗೆ ವಾಪಸ್ ಕೊಟ್ಟೆ. ಅಣ್ಣ ಕಲಿಸಿದ ಕೆಲಸವನ್ನು ಹಾಗೆ ವಾಪಸ್ ಕೊಡಲು ಬರುವುದಿಲ್ಲ. ಬರುವಂತಿದ್ದರೆ ಹಿರಿಯೂರಿನಲ್ಲೇ, ಆ ಅಟ್ಟಣೆಯ ಕೆಳಗೇ ಇಟ್ಟು ಬರುತ್ತಿದ್ದೆ.