ಹಗೇವಿನ ತಂಪು

ಗುರುಗುಂಟಾದ ಗದ್ದೆಮ್ಮ ರೇಷ್ಮೆ ಹುಳುಗಳ ಸಲುವಾಗಿ ನೆಲದೊಳಗೆ ಪೈಪು ಹೂಳಿಸಿದಾಗ ಊರು ನಕ್ಕಿದ್ದು ಸುಳ್ಳಲ್ಲ. ಪಕ್ಕದ ಹೊಲದ ಆದೆಪ್ಪನಂತೂ "ಯಕ್ಕ ಭೂಮಿತಾಯಿಗೇ ಫ್ಯಾನ್ ಹಚ್ಯಾಳ" ಎಂದು ಬಸ್ ಸ್ಟ್ಯಾಂಡಿನ ತನಕ ಡಂಗುರ ಸಾರಿದ್ದ. ಆಡುವವರ ಬಾಯಿಗೆ ಬೀಗ ಹಾಕಲಾದೀತೇ?

ಹೊಸ ಸೊಸೆಯಾಗಿ ಬಂದ ವರ್ಷ ಜೋಳ ತೆಗೆಯಲು ಮಾವ ಅವಳನ್ನು ಹಗೇವಿಗೆ ಇಳಿಸಿದ್ದರು. ಮೇಲೆ ಕೆಂಡದಂಥ ಬಿಸಿಲು. ಕೆಳಗೆ, ನೆಲದಡಿಯ ಆ ಕಾಳಿನ ಗುಂಡಿಯಲ್ಲಿ, ಮೈಗೆಲ್ಲ ತಂಪು. ಗಂಡ ತೀರಿಕೊಂಡ ಮೇಲೆ ಹುಳು ಸಾಕಲು ತೊಡಗಿ, ಎರಡು ಬೇಸಿಗೆ ಕಾವಿಗೆ ಹುಳುಗಳೆಲ್ಲ ಸತ್ತಾಗ ಆ ತಂಪು ನೆನಪಾಯಿತು. ಹತ್ತಡಿ ಆಳದಲ್ಲಿ ಇನ್ನೂರಡಿ ಪೈಪು ಸುತ್ತಿಸಿದಳು. ಒಂದು ತುದಿ ಹುಳುಮನೆಯ ಫ್ಯಾನಿಗೆ, ಇನ್ನೊಂದು ಹಿತ್ತಲಿನ ಬೇವಿನ ನೆರಳಿಗೆ, ಆದೆಪ್ಪನ ಬೇಲಿಗೆ ಹತ್ತಿಕೊಂಡಂತೆ ತೆರೆದಿತ್ತು. ಹೊರಗಿನ ಬಿಸಿಗಾಳಿ ನೆಲದೊಳಗೆ ಸುತ್ತಿ ತಣ್ಣಗಾಗಿ ಬರುತ್ತಿತ್ತು. ಹೊರಗೆ ನಲವತ್ತೆರಡು ಡಿಗ್ರಿ ಇದ್ದರೂ ಒಳಗೆ ಇಪ್ಪತ್ತೊಂಬತ್ತು.

ಹುಳುಗಳು ನಾಲ್ಕನೆಯ ಜ್ವರದಿಂದೆದ್ದು, ಕೊನೆಯ ಸಲ ಪೊರೆ ಕಳಚಿ, ಸೊಪ್ಪು ಮುಕ್ಕುತ್ತಿದ್ದವು. ಇನ್ನು ಐದಾರು ದಿನಕ್ಕೆ ಗೂಡು ಕಟ್ಟಬೇಕು. ಅಂಥ ಮಧ್ಯಾಹ್ನ ಫ್ಯಾನಿನಿಂದ ಔಷಧಿಯ ವಾಸನೆ ಬಂತು. 

"ನಂದಿನಿ, ಫ್ಯಾನ್ ಬಂದ್ ಮಾಡ!" ಸೊಸೆಗೆ ಕೂಗುತ್ತಲೇ ಬೇಲಿಗೆ ಓಡಿದಳು. ಆದೆಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಬದನೆಗೆ ಔಷಧಿ ಹೊಡೆಯುತ್ತಿದ್ದ.

"ನಿಲ್ಲಿಸೋ ಆದೆಪ್ಪಾ! ನನ್ನ ಹುಳ ಸಾಯ್ತಾವ!"

"ಅಯ್ಯ ಯಕ್ಕಾ, ಅರ್ಧ ಹೊಲಕ್ಕ ಎಣ್ಣಿ ಹೊಡದೀನಲ್ಲ!"

ಪಂಪು ನಿಂತಿತು. ಹೊಡೆದ ಎಣ್ಣೆಯ ವಿಷ ಗಾಳಿಯಲ್ಲೇ ಇತ್ತು.

ಒಳಗೆ ಕಾವು ಏರತೊಡಗಿತು: ಮೂವತ್ತೊಂದು, ಮೂವತ್ಮೂರು. ಹುಳುಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿದವು.

"ಅತ್ತಿ, ಫ್ಯಾನ್ ಹಚ್ಚಲ್ಯಾ?"

"ಹಚ್ಚಿದರ ವಿಷ, ಬಿಟ್ಟರ ಕಾವು."

ಅತ್ತ ದರಿ, ಇತ್ತ ಪುಲಿ. ನೆರಳಿನ ಆಸೆಗೆ ಪೈಪಿನ ಬಾಯನ್ನು ಬೇಲಿಗೆ ಒಯ್ದವಳು ತಾನೇ ಎಂದು ಗದ್ದೆಮ್ಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮಾವನ ಹಗೇವಿನ ಬಾಯಿ ಎಂದಾದರೂ ತೆರೆದಿರುತ್ತಿತ್ತೇ? ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು.

"ಹೊರಗಿನ ಗಾಳಿನೇ ಬ್ಯಾಡ ನಂದಿನಿ! ಮನಿಯಾಗಿನ ಗಾಳಿನ ನೆಲದಾಗ ತಿರುಗಿಸಿ ತರೋಣು. ಕಿಟಕಿಯಿಂದ ಬೇವಿನ ಗಿಡದ ತನಕ ಒಂದು ಪೈಪ್ ಬೇಕು."

ಪೈಪು ಮನೆಯಲ್ಲಿರಲಿಲ್ಲ. ಬೇಲಿಯಾಚೆ ಕೇಳಿಸಿಕೊಂಡ ಆದೆಪ್ಪ, "ನಮ್ಮ ಮನ್ಯಾಗ ಹೊಸಾದು ಐತಿ, ತಮ್ಮನ ಕೈಲೆ ಕಳಸ್ತೀನಿ" ಎಂದು ಓಡಿದ. ಪೈಪು ಹೊತ್ತು ತಂದ ತಮ್ಮನ ಹಿಂದೆಯೇ ಬರಹೋದ ಆದೆಪ್ಪನಿಗೆ ಗದ್ದೆಮ್ಮ ಗದರಿದಳು: "ನೀ ದೂರ ನಿಲ್ಲು! ನಿನ್ನ ಮೈಯೆಲ್ಲ ವಿಷ ಐತಿ."

ಅತ್ತೆ ಸೊಸೆ ಮೊದಲು ಫ್ಯಾನನ್ನು ತಿರುವಿಟ್ಟು, ಪೈಪಿನಲ್ಲಿ ಉಳಿದ ಕೆಟ್ಟ ಗಾಳಿಯನ್ನು ಹೊರಗೆ ಊದಿಸಿದರು. ಆಮೇಲೆ ಕಿಟಕಿಗೂ ಬೇವಿನಡಿಯ ಬಾಯಿಗೂ ಪೈಪು ಜೋಡಿಸಿ, ಸಂದುಗಳಿಗೆ ಪ್ಲಾಸ್ಟಿಕ್ ಹಾಳೆ ಬಿಗಿದರು. ಆಗ ಮೂವತ್ತೈದು. ಫ್ಯಾನನ್ನು ಮತ್ತೆ ಸರಿಯಿಟ್ಟು ಹಚ್ಚಿ, ಹೊಸ ಸೊಪ್ಪು ಹಾಸಿ ಕಾದರು. ಮೂವತ್ನಾಲ್ಕು. ಮೂವತ್ಮೂರು. ಒಂದು ಮೊರದಷ್ಟು ಹುಳುಗಳು ಸತ್ತು ಬಿದ್ದಿದ್ದವು, ಉಳಿದವು ಅಲ್ಲಾಡಲಿಲ್ಲ. 

ದೀಪ ಹಚ್ಚುವ ಹೊತ್ತಿಗೆ ಮೂವತ್ತಕ್ಕೆ ಇಳಿಯಿತು. ಬಾಗಿಲಾಚೆ ಆದೆಪ್ಪ ತಲೆ ತಗ್ಗಿಸಿ ನಿಂತಿದ್ದ.

"ಜಳಕ ಮಾಡಿದಿಯೇನು?"

"ಎರಡು ಸಲ ಮಾಡೀನಿ ಯಕ್ಕಾ. ಮೈಮ್ಯಾಲಿನ ಅರಿವಿನೂ ಬದಲಿ ಮಾಡೀನಿ."

"ಹಂಗಾರ ಒಳಗ ಬಾ. ಕಿವಿಗೊಟ್ಟು ಕೇಳು."

ತಟ್ಟೆ ತಟ್ಟೆಯಲ್ಲೂ ಸಾವಿರಾರು ಹುಳುಗಳು ಮತ್ತೆ ಚರಚರ ಸೊಪ್ಪು ಕಡಿಯುತ್ತಿದ್ದವು. ಆದೆಪ್ಪ ಕೈ ಕಟ್ಟಿ ನಿಂತು ಕೇಳಿದ. ಅವನ ಕಣ್ಣು ತುಂಬಿತು.

"ನಿನ್ನ ನೋಡಿ ನಕ್ಕಿದ್ನಲ್ಲ ಯಕ್ಕಾ."

"ನಗು, ಬ್ಯಾಡ ಅನ್ನಂಗಿಲ್ಲ" ಎಂದಳು ಗದ್ದೆಮ್ಮ, ಸತ್ತ ಹುಳುಗಳ ಮೊರವನ್ನು ಅವನ ಕೈಗಿಡುತ್ತ. "ಆದರ ಎಣ್ಣಿ ಹೊಡಿಯೋದಿದ್ದರ ಹಿಂದಿನ ದಿನ ನನಗ ಹೇಳಿ ನಗು."